ಕಾಡುಸ್ನಾನ: ಬರುವ ಮೊದಲು ಎಲ್ಲರೂ ಕೇಳುವ ಪ್ರಶ್ನೆಗಳು

ಶಿರಸಿ–ಸಿದ್ದಾಪುರದ ಕಡೆ ನಾವು ಸಣ್ಣ ಸಣ್ಣ ಗುಂಪುಗಳನ್ನು ಕಾಡಿಗೆ ಕರೆದುಕೊಂಡು ಹೋಗುತ್ತೇವೆ. ಚಾರಣಕ್ಕಲ್ಲ, ಹಕ್ಕಿ ನೋಡೋದಕ್ಕೂ ಅಲ್ಲ. ಸುಮ್ನೆ ಇರೋದಕ್ಕೆ. ಫೋನಿನಲ್ಲಿ, ವಾಟ್ಸಾಪಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲು ಉಳಿಯುತ್ತದೆ, ನಿಮಗೂ ಕೇಳೋಕೆ ಮುಜುಗರ ಆಗುವುದಿಲ್ಲ.

ಸ್ನಾನ ಅಂದರೆ ನೀರಿಗಿಳಿಯಬೇಕಾ? ಟವೆಲ್ ತರಬೇಕಾ?

ಬೇಡ. ಇಲ್ಲಿ ನೀರಿಲ್ಲ, ಸೋಪಿಲ್ಲ. ಹೆಸರು ಬಂದದ್ದು ಜಪಾನಿನಿಂದ. ಅವರು 'ಶಿನ್ರಿನ್-ಯೋಕು' ಎನ್ನುತ್ತಾರೆ. ಶಿನ್ರಿನ್ ಅಂದರೆ ಕಾಡು, ಯೋಕು ಅಂದರೆ ಸ್ನಾನ. ಬಿಸಿಲಿಗೆ ಮೈಯೊಡ್ಡಿ ಕೂರುವುದಕ್ಕೆ ಅವರಲ್ಲಿ 'ಬಿಸಿಲ ಸ್ನಾನ' ಎನ್ನುವ ಮಾತು ಮೊದಲೇ ಇತ್ತು, ಸಮುದ್ರಕ್ಕಿಳಿಯುವುದಕ್ಕೆ 'ಕಡಲ ಸ್ನಾನ'. ಅದೇ ಅಚ್ಚಿನಲ್ಲಿ ಇದನ್ನೂ ಹೊಯ್ದರು.

ನನ್ನ ಕೇಳಿದರೆ, ನಮ್ಮ ಎಣ್ಣೆಸ್ನಾನ ನೆನಪು ಮಾಡಿಕೊಳ್ಳಿ. ದೀಪಾವಳಿ ಬೆಳಿಗ್ಗೆ ಎಣ್ಣೆ ಹಚ್ಚಿ ಬಚ್ಚಲಿಗೆ ಓಡಲು ಬಿಡುತ್ತಿದ್ದರಾ? ಇಲ್ಲ. ಎಣ್ಣೆ ಇಳಿಯಲಿ ಅಂತ ಮಣೆ ಮೇಲೆ ಅರ್ಧ ಗಂಟೆ ಕೂರಿಸುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಮಾಡೋಕೆ ಏನೂ ಇರುತ್ತಿರಲಿಲ್ಲ. ಕಾಡುಸ್ನಾನ ಅಂದರೆ ಹಾಗೆ ಎಣ್ಣೆ ಇಳಿಯುವವರೆಗೆ ಕೂರುವುದು.

ಇದು ಸಾವಿರಾರು ವರ್ಷಗಳ ಹಳೆಯ ಜಪಾನೀ ವಿದ್ಯೆ ಅಂತ ಕೇಳಿದ್ದೆವು?

ಹಾಗೆ ಹೇಳಿ ಮಾರುವವರು ಇದ್ದಾರೆ. ಆದರೆ ಈ ಹೆಸರು ಹುಟ್ಟಿದ್ದು 1982ರಲ್ಲಿ. ಆಗ ಜಪಾನಿನ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ತೊಮೊಹಿದೆ ಅಕಿಯಾಮಾ ಈ ಪದವನ್ನು ಟಂಕಿಸಿದರು. ಅಂದರೆ ಇದು ಒಬ್ಬ ಅಧಿಕಾರಿ ಕಟ್ಟಿದ ಪದ, ಋಷಿಮುನಿಗಳದ್ದಲ್ಲ. ಆ ದೇಶದ ಮೂರರಲ್ಲಿ ಎರಡು ಪಾಲು ಕಾಡು. ಯುದ್ಧದ ನಂತರ ಮರಮುಟ್ಟಿಗಾಗಿ ಎಲ್ಲೆಡೆ ಸುಗಿ, ಹಿನೋಕಿ ಮರ ನೆಟ್ಟರು. ಆಮೇಲೆ ಹೊರದೇಶದ ಅಗ್ಗದ ಮರ ಬಂತು, ಹಳ್ಳಿಯ ಯುವಕರು ಪೇಟೆ ಸೇರಿದರು. ಕಾಡು ಉಳಿಯಿತು, ಕಾಡಿಗೆ ಬರುವ ಜನ ಉಳಿಯಲಿಲ್ಲ. ಪೇಟೆಯಲ್ಲಿ ದುಡಿದು ಸುಸ್ತಾದವರನ್ನು ಮತ್ತೆ ಕಾಡಿಗೆ ಕರೆಯುವುದು ಇಲಾಖೆಗೂ ಬೇಕಿತ್ತು, ಹಳ್ಳಿಗಳಿಗೂ ಬೇಕಿತ್ತು.

ಮೊದಲ ಕಾಡುಸ್ನಾನ ನಡೆದದ್ದು ನಾಗಾನೋ ಪ್ರಾಂತ್ಯದ ಅಕಾಸಾವಾ ಕಾಡಿನಲ್ಲಿ. ಅಲ್ಲಿ 300 ವರ್ಷ ದಾಟಿದ ಹಿನೋಕಿ ಮರಗಳಿವೆ. ಅವು ಉಳಿದದ್ದಕ್ಕೂ ಒಂದು ಕಥೆ ಇದೆ. ಎದೋ ಕಾಲದ, ಅಂದರೆ 17ರಿಂದ 19ನೇ ಶತಮಾನದ, ಆಳರಸರು ಆ ಸೀಮೆಯಲ್ಲಿ ಹಿನೋಕಿ ಕಡಿಯಬಾರದು ಎಂದು ಕಟ್ಟಳೆ ಮಾಡಿದ್ದರು. 'ಒಂದು ಮರಕ್ಕೆ ಒಂದು ತಲೆ' ಅಂತ ಇಂದಿಗೂ ಆ ಕಾಲವನ್ನು ನೆನೆಯುತ್ತಾರೆ. ಮರ ಕಡಿದರೆ ತಲೆ ಹೋಗುತ್ತಿತ್ತು. 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಇಸೆ ದೇಗುಲಕ್ಕೂ ಇಲ್ಲಿಂದ ಮರ ಹೋಗಿದೆ. ಕೊಡಗಿನ ದೇವರಕಾಡು ನೋಡಿದವರಿಗೆ ಇದು ಅರ್ಥವಾಗುತ್ತದೆ. ಕಾಡು ಎಲ್ಲೇ ಉಳಿದಿರಲಿ, ಹಿಂದೆ ಒಂದು ಹೆದರಿಕೆ ಇದ್ದೇ ಇರುತ್ತದೆ, ದೊರೆಯದ್ದೋ ದೇವರದ್ದೋ.

ಈಗ ನಡೆಯುವ 'ಮಾರ್ಗದರ್ಶಿ ಜೊತೆಗಿನ' ಕ್ರಮಕ್ಕೆ ಇನ್ನೊಂದು ಬೇರು ಇದೆ. 2012ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಏಮಸ್ ಕ್ಲಿಫರ್ಡ್ ಇದಕ್ಕಾಗಿ ಒಂದು ಸಂಸ್ಥೆ ಕಟ್ಟಿ ಮಾರ್ಗದರ್ಶಿಗಳಿಗೆ ತರಬೇತಿ ಶುರು ಮಾಡಿದರು. ವೃತ್ತದಲ್ಲಿ ಕೂರುವುದು, ಕೊನೆಗೆ ಚಹಾ ಕುಡಿಯುವುದು, ಇದೆಲ್ಲ ಹೆಚ್ಚಾಗಿ ಆ ಕಡೆಯಿಂದ ಬಂದದ್ದು. ನಾವು ಎರಡರಿಂದಲೂ ಎತ್ತಿಕೊಂಡಿದ್ದೇವೆ, ಮುಚ್ಚಿಡುವುದೇನಿಲ್ಲ.

ಚಾರಣಕ್ಕೂ ಇದಕ್ಕೂ ಏನು ವ್ಯತ್ಯಾಸ?

ಚಾರಣದಲ್ಲಿ ತಲುಪಬೇಕಾದ ಜಾಗ ಇರುತ್ತದೆ. ಇಲ್ಲಿ ಇಲ್ಲ. ಎರಡೂವರೆ ಗಂಟೆಯಲ್ಲಿ ನಾವು ಒಂದು ಕಿಲೋಮೀಟರ್ ಕೂಡ ನಡೆಯುವುದಿಲ್ಲ. ಸ್ಮಾರ್ಟ್ ವಾಚ್ ಕಟ್ಟಿಕೊಂಡು ಬಂದವರಿಗೆ ನಿರಾಸೆ ಖಂಡಿತ.

ಪ್ರಕೃತಿ ನಡಿಗೆ ಅಂತೀವಲ್ಲ, ಅದರಿಂದಲೂ ಇದು ಬೇರೆ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಸಲ 14 ಜನರನ್ನು ಕರೆದುಕೊಂಡು ಹೋಗಿದ್ದೆ. ಗೊತ್ತಿರುವುದನ್ನೆಲ್ಲ ಹೇಳಿದೆ. ಇದು ಮುರುಗಲು, ಇದು ಉಪ್ಪಾಗೆ, ಇದು ಮತ್ತಿ, ಬೇಸಿಗೆಯಲ್ಲಿ ಇದರ ಕಾಂಡಕ್ಕೆ ಕಚ್ಚು ಹಾಕಿದರೆ ನೀರು ಬರುತ್ತೆ, ಇತ್ಯಾದಿ. ಎಲ್ಲರೂ ತಲೆಯಾಡಿಸಿದರು, ಕೆಲವರು ಬರೆದುಕೊಂಡರು. ವಾಪಸ್ ಬಂದ ಮೇಲೆ ವಯಸ್ಸಾದ ಒಬ್ಬ ಹೆಂಗಸು ಕೈ ತೊಳೆಯುತ್ತಾ ಮೆಲ್ಲಗೆ ಹೇಳಿದರು: "ತುಂಬಾ ಚೆನ್ನಾಗಿತ್ತಮ್ಮ. ಆದ್ರೆ ನೀನು ಒಂದು ನಿಮಿಷ ಬಾಯಿ ಮುಚ್ಚಲಿಲ್ಲ." ಆಮೇಲೆ ಗುಂಪು 8 ಜನಕ್ಕೆ ಇಳಿಯಿತು. ನನ್ನ ಮಾತು ಅದಕ್ಕಿಂತ ಜಾಸ್ತಿ ಇಳಿಯಿತು. ಮರದ ಹೆಸರು ಬೇಕಾದರೆ ಕೊನೆಗೆ, ಕಷಾಯ ಕುಡಿಯುವಾಗ ಕೇಳಿ.

ಅಷ್ಟು ಹೊತ್ತು ಏನು ಮಾಡಿಸುತ್ತೀರಿ?

ಬೆಳಿಗ್ಗೆ 7 ಗಂಟೆಗೆ ಅಂಗಳದಲ್ಲಿ ಸೇರುತ್ತೇವೆ. ಫೋನುಗಳೆಲ್ಲ ಜಗುಲಿಯ ಬುಟ್ಟಿಗೆ. ಒಬ್ಬೊಬ್ಬರ ಕೈಗೂ ಒಂದು ಅಡಿಕೆ ಹಾಳೆ ಕೊಡುತ್ತೇನೆ, ಕೂರುವುದಕ್ಕೆ. ತೋಟ ದಾಟಿದರೆ ಹಳ್ಳ, ಹಳ್ಳದ ಮೇಲೆ ಮರದ ಸಂಕ. ಸಂಕದ ಈಚೆ ಮಾತು, ಆಚೆ ಮೌನ. ಇದೊಂದೇ ಗಟ್ಟಿ ನಿಯಮ.

ಆಚೆ ಹೋದ ಕೂಡಲೇ ನಿಲ್ಲುತ್ತೇವೆ, ಕಾಲು ಗಂಟೆ. ನಾನು ಮೆಲ್ಲಗೆ ಒಂದೊಂದು ಮಾತು ಹೇಳುತ್ತೇನೆ. ಹತ್ತಿರದ ಸದ್ದು ಯಾವುದು ಕೇಳಿ. ಈಗ ಎಲ್ಲಕ್ಕಿಂತ ದೂರದ್ದು. ಗಾಳಿ ಕೆನ್ನೆಯ ಯಾವ ಕಡೆ ತಾಗುತ್ತಿದೆ? ಕಾಲ ಕೆಳಗಿನ ದರಕು, ಅಂದರೆ ಉದುರಿದ ಎಲೆ, ಒಣಗಿದೆಯಾ, ಹಸಿ ಇದೆಯಾ? ಮೊದಲ ಐದು ನಿಮಿಷ ಜನ ಕೆಮ್ಮುತ್ತಾರೆ, ಕಾಲು ಬದಲಿಸುತ್ತಾರೆ, ಜೇಬಿನಲ್ಲಿ ಇಲ್ಲದ ಫೋನು ತಡಕುತ್ತಾರೆ. ಆಮೇಲೆ ಭುಜ ಇಳಿಯುತ್ತದೆ. ನೋಡುತ್ತಾ ನಿಂತ ನನಗೆ ಅದು ಎದ್ದು ಕಾಣುತ್ತದೆ.

ನಂತರ ನಿಧಾನ ನಡಿಗೆ. 100 ಮೀಟರ್‌ಗೆ 20 ನಿಮಿಷ. ಅಲುಗಾಡುವುದನ್ನು ಮಾತ್ರ ನೋಡಿ ಅಂತ ಹೇಳುತ್ತೇನೆ. ಕಾಡು ನಿಂತಲ್ಲೇ ನಿಂತಿದೆ ಅಂದುಕೊಂಡು ಬಂದವರಿಗೆ ಆಗ ಗೊತ್ತಾಗುತ್ತದೆ, ಅಲುಗಾಡದ್ದೇ ಕಡಿಮೆ ಅಂತ.

ಆಮೇಲೆ ಒಬ್ಬೊಬ್ಬರೂ ಒಂದೊಂದು ಕಡೆ ಹಾಳೆ ಹಾಕಿ ಕೂರುತ್ತಾರೆ, ಮತ್ತೆ 20 ನಿಮಿಷ. ನನ್ನ ಕಣ್ಣಳತೆ ಬಿಟ್ಟು ಹೋಗುವಂತಿಲ್ಲ. ಒಂದು ಸಲ ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ಹೆಂಡತಿಯ ಒತ್ತಾಯಕ್ಕೆ ಬಂದಿದ್ದರು. ಮುಖದಲ್ಲೇ ಬರೆದಿತ್ತು. ಒಂದು ಮುರುಗಲು ಮರದ ಬುಡದಲ್ಲಿ ಕೂತರು. ಎದುರಿನ ಟೊಂಗೆಯಲ್ಲಿ ಚಗಳಿ ಇರುವೆಗಳು ಗೂಡು ಕಟ್ಟುತ್ತಿದ್ದವು. ಒಂದು ಸಾಲು ಇರುವೆ ಎರಡು ಎಲೆಯ ಅಂಚನ್ನು ಎಳೆದು ಹಿಡಿದಿತ್ತು. ಇನ್ನೊಂದಷ್ಟು ಇರುವೆಗಳು ಬಾಯಲ್ಲಿ ತಮ್ಮದೇ ಮರಿಹುಳುಗಳನ್ನು ಕಚ್ಚಿಕೊಂಡು ಬಂದು, ಅವುಗಳ ಬಾಯಿಂದ ಬರುವ ನೂಲಿನಿಂದ ಎಲೆಗೆ ಎಲೆ ಹೊಲಿಯುತ್ತಿದ್ದವು. ಆ ಕಡೆ ಮುಟ್ಟಿಸು, ಈ ಕಡೆ ಮುಟ್ಟಿಸು, ಥೇಟ್ ಹೊಲಿಗೆ ಮಷೀನು. ಹೊತ್ತು ಮುಗಿಯಿತು ಅಂತ ಸನ್ನೆ ಮಾಡಿದರೆ ಅವರು ಕೈ ಎತ್ತಿ "ಇರಿ" ಅಂದರು. ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು.

ಕೊನೆಗೆ ವೃತ್ತದಲ್ಲಿ ಕೂರುತ್ತೇವೆ. ಒಂದು ಕಲ್ಲು ಕೈಯಿಂದ ಕೈಗೆ ಹೋಗುತ್ತದೆ. ಕಲ್ಲು ಹಿಡಿದವರು ಮಾತ್ರ ಮಾತಾಡಬೇಕು. ಬೇಡ ಅನ್ನಿಸಿದರೆ ಕಲ್ಲು ದಾಟಿಸಿದರೆ ಆಯಿತು. ಯಾರೂ ಯಾರಿಗೂ ಬುದ್ಧಿ ಹೇಳುವ ಹಾಗಿಲ್ಲ. ಮಜ್ಜಿಗೆ ಹುಲ್ಲಿನ ಕಷಾಯ, ಬೆಲ್ಲ. ಮೊದಲ ಲೋಟ ಮರದ ಬುಡಕ್ಕೆ. ಇದನ್ನು ಕ್ಯಾಲಿಫೋರ್ನಿಯಾದವರು ಹೇಳಿಕೊಡಬೇಕಿರಲಿಲ್ಲ, ನಾಗಬನಕ್ಕೆ ಹಾಲೆರೆಯುವ ಮನೆಯಲ್ಲಿ ಬೆಳೆದವಳು ನಾನು.

ಇಷ್ಟಕ್ಕೆ ದುಡ್ಡು ಯಾಕೆ ಕೊಡಬೇಕು? ನಾವೇ ಹೋಗಿ ಕೂರಬಾರದಾ?

ಖಂಡಿತ ಕೂರಬಹುದು. ನಮ್ಮ ಅಜ್ಜಿಯ ಪ್ರಶ್ನೆಯೂ ಇದೇ: "ಬೆಟ್ಟದಲ್ಲಿ ಸುಮ್ನೆ ಕುತ್ಗಂಬಲೆ ದುಡ್ಡು ಕೊಡ್ತ್ವನೇ ಕೂಸೇ?" 2025ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕಾಡುಸ್ನಾನಕ್ಕೆ 1,500 ರೂಪಾಯಿ ಅಂತ ಒಂದು ಜಾಹೀರಾತು ಬಂದಾಗ ಇಡೀ ಸೋಷಿಯಲ್ ಮೀಡಿಯಾ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ಅಳುಕಿನಿಂದ.

ದುಡ್ಡು ಕಾಡಿಗಲ್ಲ. ನಿಮ್ಮ ಪರವಾಗಿ ಒಬ್ಬರು ಗಡಿಯಾರ ನೋಡುತ್ತಾರೆ, ದಾರಿ ನೋಡುತ್ತಾರೆ, ಹಾವು ನೋಡುತ್ತಾರೆ, ಕಷಾಯಕ್ಕೆ ನೀರಿಡುತ್ತಾರೆ. ಒಬ್ಬರೇ ಹೋದರೆ ಹತ್ತನೇ ನಿಮಿಷಕ್ಕೆ 'ಸಾಕು, ಹೊರಡೋಣ' ಅನ್ನಿಸುತ್ತದೆ. ನಿಜವಾದ ಸುಖ ಶುರುವಾಗುವುದು ಆ 'ಸಾಕು' ದಾಟಿದ ಮೇಲೆ. ಅದನ್ನು ದಾಟಿಸುವುದಷ್ಟೇ ನನ್ನ ಕೆಲಸ. ಎರಡು ಸಲ ಬಂದು ಹೋದವರಿಗೆ ನಾನೇ ಹೇಳುತ್ತೇನೆ, ಇನ್ನು ನಿಮ್ಮೂರಿನಲ್ಲೇ ಕೂತುಕೊಳ್ಳಿ ಅಂತ. ವ್ಯಾಪಾರಕ್ಕೆ ಒಳ್ಳೆಯದಲ್ಲ, ಏನು ಮಾಡೋದು.

ಇದು ಧ್ಯಾನವಾ? ನನಗೆ ಧ್ಯಾನ ಕೂರುವುದಿಲ್ಲ.

ಹಾಗಾದರೆ ಇದು ನಿಮಗೆ ಹೇಳಿಮಾಡಿಸಿದ್ದು. ಧ್ಯಾನಕ್ಕೆ ಕೂತಾಗ ಉಸಿರನ್ನು ಹಿಡಿದುಕೋ, ಮಂತ್ರವನ್ನು ಹಿಡಿದುಕೋ ಅಂತಾರೆ. ಹಿಡಿದದ್ದು ಜಾರುತ್ತದೆ, ನಮ್ಮ ಮೇಲೆ ನಮಗೇ ಸಿಟ್ಟು ಬರುತ್ತದೆ. ಕಾಡಿನಲ್ಲಿ ಹಿಡಿಯುವ ಕೆಲಸ ನಿಮ್ಮದಲ್ಲ. ಮಂಗಟ್ಟೆ ಹಾರಿದರೆ ಅದರ ರೆಕ್ಕೆಯ ಸದ್ದೇ ನಿಮ್ಮನ್ನು ಎಳೆದುಕೊಳ್ಳುತ್ತದೆ, ಉಗಿಬಂಡಿ ಹೋದ ಹಾಗೆ. ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಎನ್ನುವ ಮನಶ್ಶಾಸ್ತ್ರಜ್ಞ ದಂಪತಿ ಇದನ್ನೇ ಸಿದ್ಧಾಂತ ಮಾಡಿದ್ದಾರೆ. ಕಷ್ಟಪಟ್ಟು ಗಮನ ಕೊಡುವ ಶಕ್ತಿ ದಿನವಿಡೀ ದುಡಿದು ದಣಿಯುತ್ತದೆ. ಎಲೆ, ಮೋಡ, ನೀರು ಇವು ಗಮನವನ್ನು ತಾವಾಗಿಯೇ, ಮೆತ್ತಗೆ ಎಳೆಯುತ್ತವೆ. ಆ ಹೊತ್ತಿನಲ್ಲಿ ದಣಿದದ್ದು ಸುಧಾರಿಸಿಕೊಳ್ಳುತ್ತದೆ.

ಕಣ್ಣು ಮುಚ್ಚುವುದು, ಬಿಡುವುದು ನಿಮ್ಮಿಷ್ಟ. ನಿದ್ದೆ ಬಂದರೂ ಪರವಾಗಿಲ್ಲ. ಗೊರಕೆ ಹೊಡೆದರೆ ಮಾತ್ರ ಎಬ್ಬಿಸುತ್ತೇನೆ. ಮನಸ್ಸು ಇಎಂಐ ಕಡೆ ಹೋದರೆ ಹೋಗಲಿ, ಜೀರುಂಡೆ ವಾಪಸ್ ಕರೆಯುತ್ತದೆ.

ಆರೋಗ್ಯಕ್ಕೆ ಒಳ್ಳೆಯದು ಅಂತ ಸಾಬೀತಾಗಿದೆಯಾ?

ಸ್ವಲ್ಪ ಮಟ್ಟಿಗೆ ಹೌದು. ಎಷ್ಟು ಮಟ್ಟಿಗೆ ಅಂತ ಹೇಳಬೇಕಾದರೆ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಚಿಬಾ ವಿಶ್ವವಿದ್ಯಾಲಯದ ಯೋಶಿಫುಮಿ ಮಿಯಾಝಾಕಿ 1990ರಲ್ಲೇ ಯಾಕುಶಿಮಾ ದ್ವೀಪದ ಕಾಡಿನಲ್ಲಿ ಮೊದಲ ಪ್ರಯೋಗ ಮಾಡಿದವರು. ಆಮೇಲೆ ಅವರ ತಂಡ ಜಪಾನಿನ 24 ಕಾಡುಗಳಲ್ಲಿ 280 ಯುವಕರನ್ನು ಪರೀಕ್ಷಿಸಿತು. ಒಂದು ದಿನ ಅರ್ಧ ಜನ ಕಾಡಿಗೆ, ಅರ್ಧ ಜನ ಪೇಟೆಗೆ. ಮರುದಿನ ಅದಲುಬದಲು. ಕಾಡಿನಲ್ಲಿದ್ದಾಗ ಜೊಲ್ಲಿನಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಕಡಿಮೆ ಇತ್ತು. ನಾಡಿ ನಿಧಾನವಾಗಿತ್ತು, ಬಿಪಿಯೂ ಸ್ವಲ್ಪ ಇಳಿದಿತ್ತು. 'ಸ್ವಲ್ಪ' ಅನ್ನುವುದನ್ನು ಒತ್ತಿ ಹೇಳುತ್ತೇನೆ, ಬಿಪಿಯ ವ್ಯತ್ಯಾಸ ಶೇಕಡಾ 2ನ್ನೂ ಮುಟ್ಟಿರಲಿಲ್ಲ.

ಇನ್ನೊಬ್ಬರು ಟೋಕಿಯೋದ ನಿಪ್ಪಾನ್ ವೈದ್ಯಕೀಯ ಕಾಲೇಜಿನ ಚಿಂಗ್ ಲಿ. 2005ರಲ್ಲಿ ಕಂಪನಿ ಕೆಲಸದ 12 ಗಂಡಸರನ್ನು ಮೂರು ದಿನ ಇಯಾಮಾ ಎನ್ನುವ ಊರಿನ ಕಾಡುಗಳಿಗೆ ಕರೆದೊಯ್ದರು. ರೋಗ ತಡೆಯುವ 'ನ್ಯಾಚುರಲ್ ಕಿಲ್ಲರ್' ಎನ್ನುವ ಬಿಳಿ ರಕ್ತಕಣಗಳ ಚಟುವಟಿಕೆ 11 ಜನರಲ್ಲಿ ಹೆಚ್ಚಿತ್ತು, ಸುಮಾರು ಶೇಕಡಾ 50ರಷ್ಟು. ಪ್ರವಾಸದ ಖುಷಿಗೇ ಹೀಗಾಯ್ತಾ ಅಂತ ನೋಡಲು ಮತ್ತೆ ಪೇಟೆ ಪ್ರವಾಸವನ್ನೂ ಮಾಡಿಸಿದರು, ಅದರಲ್ಲಿ ಹೆಚ್ಚಲಿಲ್ಲ. ಆಮೇಲೆ ಕಾಡೇ ಇಲ್ಲದೆ, ಹೋಟೆಲ್ ಕೋಣೆಯಲ್ಲಿ ಮೂರು ರಾತ್ರಿ ಹಿನೋಕಿ ಎಣ್ಣೆಯ ಆವಿ ಬಿಟ್ಟು ನೋಡಿದರು, ಹೆಚ್ಚಿತು. ಹಾಗಾಗಿ ಮರಗಳು ಬಿಡುವ ವಾಸನೆಯ ದ್ರವ್ಯಗಳೇ ಒಂದು ಕಾರಣ ಎನ್ನುವುದು ಅವರ ಲೆಕ್ಕ. ಈ ದ್ರವ್ಯಗಳಿಗೆ 'ಫೈಟೋನ್‌ಸೈಡ್' ಅಂತ ಹೆಸರಿಟ್ಟವರು ರಷ್ಯಾದ ಬೊರಿಸ್ ಟೋಕಿನ್, 1928ರಲ್ಲಿ. ಗಿಡಗಳು ಹುಳು, ಬೂಷ್ಟುಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಇವನ್ನು ಮಾಡಿಕೊಳ್ಳುತ್ತವೆ.

ಈಗ ನನ್ನ ಮಾತು. 12 ಜನ ಅಂದರೆ ಒಂದು ಟೆಂಪೋ ಭರ್ತಿ, ಅಷ್ಟೇ. ಅದೂ ಎಲ್ಲ ಗಂಡಸರು, ಹಿನೋಕಿ ಮರಗಳ ನಾಡಿನವರು. ಆ ಅಂಕಿಗಳನ್ನು ತಂದು ನಮ್ಮ ಮತ್ತಿ, ನಂದಿ, ಧೂಪದ ಕಾಡಿಗೆ ಅಂಟಿಸುವುದು ಸರಿಯಲ್ಲ. 2019ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ವಿಚಾರಿಸಿದ ಸಮೀಕ್ಷೆ ಇನ್ನೊಂದು ಥರದ್ದು. ವಾರಕ್ಕೆ 120 ನಿಮಿಷ ಅಥವಾ ಜಾಸ್ತಿ ಹಸಿರಿನ ನಡುವೆ ಕಳೆಯುವವರಲ್ಲಿ 'ನಾನು ಆರೋಗ್ಯವಾಗಿದ್ದೇನೆ' ಅನ್ನುವವರು ಹೆಚ್ಚಿದ್ದರು. ಒಂದೇ ಸಲ ಕಳೆದರೂ ಆಯಿತು, ಬಿಡಿಬಿಡಿಯಾಗಿ ಕಳೆದರೂ ಆಯಿತು. ಆದರೆ ಆರೋಗ್ಯ ಇದ್ದವರೇ ಹೆಚ್ಚು ಹೊರಗೆ ಹೋಗುತ್ತಾರೆ ಅಂತಲೂ ಇರಬಹುದು, ಅಲ್ವಾ?

ಬಿಪಿ ಮಾತ್ರೆ ನಿಲ್ಲಿಸಬಹುದಾ? ಖಿನ್ನತೆ ವಾಸಿಯಾಗುತ್ತಾ?

ಮಾತ್ರೆ ನಿಲ್ಲಿಸಬೇಡಿ. ಕಾಡು ವಾಸಿ ಮಾಡುತ್ತದೆ ಅಂತ ನಾವು ಎಲ್ಲೂ ಹೇಳಿಲ್ಲ, ಯಾರಾದರೂ ಹಾಗೆ ಹೇಳಿ ದುಡ್ಡು ಕೇಳಿದರೆ ಕೊಡಬೇಡಿ. ಮನಸ್ಸು ತೀರಾ ಭಾರವಾಗಿದ್ದರೆ ಮೊದಲು ವೈದ್ಯರು. ಯಾರಿಗೆ ಹೇಳೋದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಚಿಕಿತ್ಸೆಯ ಜೊತೆಗೆ ಬನ್ನಿ, ಅದರ ಬದಲಿಗೆ ಅಲ್ಲ.

ಸುಮ್ಮನೆ ಕೂತಾಗ ಕೆಲವರಿಗೆ ಅಳು ಬರುತ್ತದೆ. ಬಂದರೆ ಬರಲಿ. ನಾವು ಓಡಿಬಂದು ಸಮಾಧಾನ ಮಾಡುವುದಿಲ್ಲ, ನೀರಿನ ಬಾಟಲಿ ಪಕ್ಕಕ್ಕಿಟ್ಟು ಸುಮ್ಮನಾಗುತ್ತೇವೆ. ಇತ್ತೀಚೆಗೆ ದೊಡ್ಡ ಸಾವು-ನೋವು ಕಂಡವರು ಮೊದಲೇ ತಿಳಿಸಿದರೆ ಒಳ್ಳೆಯದು.

ಮರ ತಬ್ಬಿಕೊಳ್ಳಲೇಬೇಕಾ?

ಇಲ್ಲಪ್ಪ. ನಾಚಿಕೆ ಆದರೆ ಬೇಡ. ಆದರೆ ಮರ ತಬ್ಬುವುದು ವಿದೇಶಿ ಶೋಕಿ ಅಂತ ಮಾತ್ರ ಶಿರಸಿಯವರ ಮುಂದೆ ಹೇಳಬೇಡಿ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಸುತ್ತಲಿನ ಜನ ಕಾಡಿಗೆ ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ, ಪಾಂಡುರಂಗ ಹೆಗಡೆಯವರು ಮುಂದಾಳು. ಲೆಕ್ಕ ಹಾಕಿ ನೋಡಿ. 1982ರಲ್ಲಿ ಜಪಾನಿನ ಅರಣ್ಯ ಇಲಾಖೆ 'ಕಾಡಿಗೆ ಬನ್ನಿ, ಹಾಯಾಗಿರಿ' ಎಂದು ಜನರನ್ನು ಕರೆಯಿತು. ಮರುವರ್ಷ ನಮ್ಮೂರಲ್ಲಿ ಜನರೇ ಕಾಡಿಗೆ ಹೋಗಿ ಕೊಡಲಿಗೆ ಅಡ್ಡ ನಿಂತರು. ಆ ಮರಗಳಲ್ಲಿ ಉಳಿದವುಗಳ ನೆರಳಿನಲ್ಲೇ ಈಗ ನಾವು 'ಸ್ನಾನ' ಮಾಡುವುದು.

ತಬ್ಬುವ ಮನಸ್ಸಾದರೆ ಮೊದಲು ಕಾಂಡ ನೋಡಿ. ಕಂಬಳಿಹುಳು ಇರಬಹುದು, ಚಗಳಿ ಸಾಲು ಇರಬಹುದು. ಮೈಗೆಲ್ಲ ತುರಿಕೆ ಎಬ್ಬಿಸುವ ಹೊಲಿಗಾರ ಮರವಂತೂ ಬೇಡವೇ ಬೇಡ. ಅದನ್ನು ನಾನು ತೋರಿಸುತ್ತೇನೆ.

ಉಂಬಳ ಇರುತ್ತಾ?

ಇರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಧಾರಾಳವಾಗಿ. ಉಂಬಳ ಅನ್ನಿ, ಇಂಬಳ ಅನ್ನಿ, ಜಿಗಣೆ ಅನ್ನಿ, ಅದು ನಿಮ್ಮನ್ನು ಬಿಡುವುದಿಲ್ಲ. ಮೊಣಕಾಲುದ್ದದ ಒತ್ತು ನೇಯ್ಗೆಯ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ. ನಮ್ಮಲ್ಲಿ ಹೊಗೆಸೊಪ್ಪು, ಸುಣ್ಣ ಸವರುತ್ತಾರೆ. ಹತ್ತಿದ್ದು ಕಂಡರೆ ಉಗುರಿನಿಂದ ಬಾಯಿಯ ಕಡೆಯಿಂದ ಮೀಟಿ ತೆಗೆಯಿರಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಕಚ್ಚಿದ ಮೇಲೂ ಸುಮಾರು ಹೊತ್ತು ರಕ್ತ ಒಸರುತ್ತದೆ. ನೋವಿಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಳೆಗಾಲದಲ್ಲಿ ಬರುವುದು ಬೇಡ.

ಒಬ್ಬ ಹುಡುಗಿ ಇಡೀ 20 ನಿಮಿಷ ತನ್ನ ಬೂಟಿನ ಮೇಲೆ ಹತ್ತುತ್ತಿದ್ದ ಉಂಬಳವನ್ನೇ ನೋಡಿದಳು. ಹಿಂದಿನ ತುದಿ ಊರಿ, ಮುಂದಿನ ತುದಿ ಎತ್ತಿ ಗಾಳಿಯಲ್ಲಿ ತಡಕಿ, ಮತ್ತೆ ಊರಿ. ಕಾಲುಚೀಲ ಮುಟ್ಟಿದ ಕೂಡಲೇ ಕಡ್ಡಿಯಿಂದ ಎತ್ತಿ ಎಲೆ ಮೇಲೆ ಬಿಟ್ಟಳಂತೆ. ಅವತ್ತಿನ ಗುಂಪಿನಲ್ಲಿ ಅವಳಷ್ಟು ಗಮನ ಕೊಟ್ಟವರು ಇನ್ನೊಬ್ಬರಿಲ್ಲ.

ಮಂಗನ ಕಾಯಿಲೆಯ ಭಯ ಇಲ್ವಾ?

ಇದೆ. ಉಂಬಳಕ್ಕೆ ನಗಬಹುದು, ಇದಕ್ಕೆ ನಗುವಂತಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ವೈರಸ್ ಇದು, ಕಾಡಿನ ಉಣ್ಣಿಯಿಂದ ಹರಡುತ್ತದೆ. ಸಿದ್ದಾಪುರ ಕಡೆಯೂ ಜನ ಸತ್ತಿದ್ದಾರೆ. ಮರಿ ಉಣ್ಣಿಗಳ ಕಾಲ ಮಳೆ ನಿಂತ ಮೇಲೆ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ಪೇಟೆಯವರಿಗೆ ಕಾಡು ಚೆಂದ ಕಾಣುವ, ಉಂಬಳ ಇಲ್ಲದ ಕಾಲದಲ್ಲೇ.

ಹಾಗಾಗಿ ಆ ತಿಂಗಳುಗಳಲ್ಲಿ ಪ್ರತಿ ನಡಿಗೆಗೆ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳುತ್ತೇವೆ. ಸುತ್ತಮುತ್ತ ಎಲ್ಲಾದರೂ ಮಂಗ ಸತ್ತಿದ್ದರೆ, ಜ್ವರದ ಸುದ್ದಿ ಇದ್ದರೆ, ನಡಿಗೆ ರದ್ದು. ಇಲ್ಲದಿದ್ದರೂ ದರಕಿನ ಮೇಲೆ ಕೂರಿಸುವುದಿಲ್ಲ, ಹಳ್ಳದ ಬಂಡೆಗಳ ಮೇಲಷ್ಟೇ. ಉದ್ದ ತೋಳು, ಉದ್ದ ಪ್ಯಾಂಟು, ಉಣ್ಣಿ ಹತ್ತದಂತೆ ಸವರಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ. ವಾಪಸ್ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈಯೆಲ್ಲ ನೋಡಿಕೊಂಡು ಸ್ನಾನ ಮಾಡಿ, ಇದು ನಿಜವಾದ ಸ್ನಾನ. ಊರಿಗೆ ಹೋದ ನಂತರ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು: 'ಮಲೆನಾಡಿನ ಕಾಡಿಗೆ ಹೋಗಿದ್ದೆ.'

ಹಾವು, ಹುಲಿ?

ಹಾವು ಇದೆ, ಸದ್ದು ಮಾಡದೆ ದಾರಿ ಬಿಡುತ್ತದೆ. ಹುಲಿ ನಮ್ಮ ದಾರಿಯಲ್ಲಿ ಇದುವರೆಗೆ ಸಿಕ್ಕಿಲ್ಲ. ಕಾಟಿ, ಅಂದರೆ ಕಾಡುಕೋಣ, ಕಂಡರೆ ಎಲ್ಲರೂ ಮೆಲ್ಲಗೆ ಹಿಂದೆ.

ಕಾಡಿನ ಪಕ್ಕದಲ್ಲೇ ಇರುವ ನಿಮಗೆಲ್ಲ ಟೆನ್ಷನ್ನೇ ಇರಲ್ಲ ಅಲ್ವಾ?

ಈ ಪ್ರಶ್ನೆ ಬಂದಾಗಲೆಲ್ಲ ನಮ್ಮ ಮನೆಯವರು ಎದ್ದು ಒಳಗೆ ಹೋಗುತ್ತಾರೆ. ಅಡಿಕೆಗೆ ಕೊಳೆ ಬಂದ ವರ್ಷ ಬಂದು ನೋಡಿ.

ಕಾಡಿನಲ್ಲಿ ಕೆಲಸ ಮಾಡುವುದು ಬೇರೆ, ಕಾಡಿನಲ್ಲಿ ಇರುವುದು ಬೇರೆ. ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕುವವರು ಬೆಳಗಾಗುವ ಮೊದಲೇ ಬೆಟ್ಟದಲ್ಲಿರುತ್ತಾರೆ. ಬೆನ್ನಿಗೆ ಕಂಬಳಿಕೊಪ್ಪೆ, ಕಾಲಿಗೆ ಉಂಬಳ, ಕಣ್ಣೆಲ್ಲ ನೆಲದ ಮೇಲೆ, ಬಿದ್ದ ಹಣ್ಣಿನ ಮೇಲೆ. ತಂದದ್ದನ್ನು ಒಡೆದು, ಬಿಸಿಲಿಲ್ಲದ ಕಾಲ ಆದ್ದರಿಂದ ಬೆಂಕಿಯ ಮೇಲೆ ಒಣಗಿಸಬೇಕು. ರೇಟು ಬಿದ್ದರೆ ಆ ದಿನಗಳೆಲ್ಲ ಹೊಗೆ. ಅವರಿಗೆ ಹೋಗಿ ಫೈಟೋನ್‌ಸೈಡ್ ಅಂದರೆ ಏನನ್ನುತ್ತಾರೋ.

ಆದರೂ ಒಂದು ಮಾತು. ಸೊಪ್ಪಿನ ಹೊರೆ ಇಳಿಸಿ, ಕವಳ ಹಾಕಿಕೊಂಡು, ಕಲ್ಲಿನ ಮೇಲೆ ಹತ್ತು ನಿಮಿಷ ಕೂರುವ ಹೆಂಗಸರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಯಾರೂ ಮಾತಾಡುತ್ತಿರಲಿಲ್ಲ. ಮನೆಗೆ ಹೋಗುವ ಅವಸರವೂ ಕಾಣುತ್ತಿರಲಿಲ್ಲ. ಮನೆಯಲ್ಲಿ ಆ ಹತ್ತು ನಿಮಿಷ ಅವರಿಗೆ ಎಲ್ಲಿ ಸಿಗಬೇಕು? ನಾನು ನಿಮಗೆ ಕೊಡುತ್ತಿರುವುದು ಹೆಚ್ಚುಕಡಿಮೆ ಆ ಹತ್ತು ನಿಮಿಷವನ್ನೇ, ಹೊರೆ ಹೊರಿಸದೆ.

ರಾಮಪತ್ರೆ ಜಡ್ಡಿಗೆ, ಅಭಯಾರಣ್ಯಕ್ಕೆ ಕರೆದುಕೊಂಡು ಹೋಗುತ್ತೀರಾ?

ಇಲ್ಲ. ಜಡ್ಡಿ ಅಂದರೆ ರಾಮಪತ್ರೆ ಮರಗಳ ಜೌಗು ಕಾಡು. ಸಿದ್ದಾಪುರ ಕಡೆಯ ಕತ್ತಲೆಕಾನಿನ ಜಡ್ಡಿಯ ಫೋಟೋ ನೋಡಿ ತುಂಬಾ ಜನ ಕೇಳುತ್ತಾರೆ. ಕೆಸರಿನಿಂದ ಮೇಲೆದ್ದು, ಮೊಣಕಾಲು ಮಡಚಿದ ಹಾಗೆ ನಿಂತ ಬೇರುಗಳು. ಆ ಮರ ಉಸಿರಾಡುವುದು ಆ ಬೇರುಗಳಿಂದ. ಎಂಟೆಂಟು ಜನ ವಾರ ವಾರ ತುಳಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಜೊತೆಗೆ ಅಭಯಾರಣ್ಯ, ಮೀಸಲು ಅರಣ್ಯಗಳಿಗೆ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ನಾವು ತೋಟದ ದಾರಿ, ಹಳ್ಳದ ದಂಡೆ, ಊರವರು ಓಡಾಡುವ ಹಾದಿ ಬಿಟ್ಟು ಆಚೆ ಹೋಗುವುದಿಲ್ಲ. ದೇವರ ಬನ ಸಿಕ್ಕಿದರೆ ಹೊರಗೇ ನಿಲ್ಲುತ್ತೇವೆ.

ಮಕ್ಕಳು, ವಯಸ್ಸಾದವರು ಬರಬಹುದಾ?

ಸಂಕ ದಾಟಲು ಆಗುವವರೆಲ್ಲ ಬರಬಹುದು. ಮಂಡಿ ನೋವಿದ್ದರೆ ಹೇಳಿ, ಹಾಳೆ ಬದಲು ಸ್ಟೂಲು ಕೊಡುತ್ತೇವೆ. ಸಂಕ ಆಗದವರಿಗೆ ತೋಟದ ಅಂಚಿನಲ್ಲೇ ಮಾಡಿಸಿದ್ದೇನೆ, ಕಡಿಮೆಯೇನೂ ಆಗಲಿಲ್ಲ. 10 ವರ್ಷದೊಳಗಿನ ಮಕ್ಕಳು 20 ನಿಮಿಷ ಕೂರುವುದಿಲ್ಲ, ಕೂರಿಸುವುದೂ ತಪ್ಪು. ಅವರಿಗೆ ಮೌನ ಬೇಕಿಲ್ಲ, ಅವರು ಮೊದಲೇ ನೆನೆದಿರುತ್ತಾರೆ. ಅಸ್ತಮಾ ಇದ್ದವರು ಇನ್‌ಹೇಲರ್ ಜೇಬಿನಲ್ಲೇ ಇಟ್ಟುಕೊಳ್ಳಿ, ಜಗುಲಿಯ ಬುಟ್ಟಿಗೆ ಫೋನು ಮಾತ್ರ.

ಬೆಂಗಳೂರಿನಲ್ಲೇ ಮಾಡಬಹುದಾ?

ಮಾಡಬಹುದು. ಲಾಲ್‌ಬಾಗ್ 240 ಎಕರೆ ಇದೆ, ಅದರಲ್ಲಿ ನಿಮಗೆ ಬೇಕಾದ್ದು ಒಂದು ಮರ. ನಡೆಯುವವರ ದಾರಿಯಿಂದ ಸ್ವಲ್ಪ ಒಳಗೆ ಒಂದು ಮರ ಗೊತ್ತು ಮಾಡಿಕೊಳ್ಳಿ. ವಾರಕ್ಕೊಮ್ಮೆ ಅದೇ ಮರ, ಅದೇ ಹೊತ್ತು, 20 ನಿಮಿಷ. ಬೇರೆ ಬೇರೆ ಜಾಗ ಹುಡುಕಬೇಡಿ. ನಾಲ್ಕನೇ ವಾರಕ್ಕೆ ಆ ಮರದ ಅಳಿಲು ಯಾವ ಟೊಂಗೆಯಿಂದ ಇಳಿಯುತ್ತದೆ ಅಂತ ಗೊತ್ತಾಗಿರುತ್ತದೆ. ಟ್ರಾಫಿಕ್ ಸದ್ದು ಕೇಳುತ್ತದೆ, ಅದನ್ನೂ 'ದೂರದ ಸದ್ದು' ಅಂತ ಸೇರಿಸಿಕೊಳ್ಳಿ. ಪಾರ್ಕೂ ದೂರ ಇದ್ದರೆ ರಸ್ತೆ ಬದಿಯ ಹೊಂಗೆ ಸಾಕು. 1984ರಲ್ಲಿ ರೋಜರ್ ಉಲ್ರಿಚ್ ಎನ್ನುವವರು ಅಮೆರಿಕದ ಒಂದು ಆಸ್ಪತ್ರೆಯ ಹಳೆಯ ಕಡತ ತೆಗೆದು ನೋಡಿದ್ದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಜೋರಾದ ನೋವಿನ ಔಷಧಿಯನ್ನೂ ಕಡಿಮೆ ಕೇಳಿದ್ದರು.

ಕೊನೆಗೆ, ಏನೇನು ತರಬೇಕು?

ಹಸಿರು ಅಥವಾ ಕಂದು ಬಟ್ಟೆ, ಸೆಂಟ್ ಹಾಕದೆ. ಜಾರದ ಬೂಟು. ಇನ್ನೊಂದು ಜೊತೆ ಕಾಲುಚೀಲ. ನೀರು. ಕ್ಯಾಮೆರಾ ಬೇಡ. ತಿಂಡಿ ನಾವು ಕೊಡುತ್ತೇವೆ, ದೋಸೆ ಮತ್ತು ಜೋನಿ ಬೆಲ್ಲ, ನಡಿಗೆ ಮುಗಿದ ಮೇಲೆ. ಛತ್ರಿ ತರಬೇಡಿ, ಅದರ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಬೇರೇನೂ ಕೇಳುವುದಿಲ್ಲ. ಜೋರು ಗಾಳಿ, ಗುಡುಗು ಇದ್ದರೆ ಹೊರಡುವುದೇ ಇಲ್ಲ. ಸುಮ್ನೆ ಹಿಡಿದ ಮಳೆಯಾದರೆ ಹೋಗಿಯೇ ಹೋಗುತ್ತೇವೆ.

ಹಾಂ, ಮೇಲೆ ಟವೆಲ್ ಬೇಡ ಅಂದಿದ್ದೆ. ಜುಲೈನಲ್ಲಿ ಬರುವುದಾದರೆ ತನ್ನಿ, ಎರಡು.